ಮಾಸ್ತರೇ, ದಯವಿಟ್ಟು ಒತ್ತಬೇಡಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ವೆಬ್‌ಸೈಟಿನ ಜಾಹೀರಾತಿನಿಂದ ಬರುತ್ತಿದ್ದ ಹಣ ಅರ್ಧಕ್ಕೂ ಹೆಚ್ಚು ಕಡಿತವಾಗಿದೆ, ಅದಕ್ಕೇ ಚಂದಾ ಏರಿಸಿದ್ದೇವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೆ ನಂಬಿಕೆ ಬರಲಿಲ್ಲ. ನಾನು ದಿನಾ ರಾತ್ರಿ ಊಟ ಮುಗಿಸಿ ನಿಮ್ಮ ವೆಬ್‌ಸೈಟ್ ತೆರೆದು, ಓದಿ ಆದ ಮೇಲೆ ಕಾಣುವ ಜಾಹೀರಾತನ್ನೆಲ್ಲ ಒಂದೊಂದಾಗಿ ಒತ್ತುತ್ತೇನೆ. ಇಬ್ಬರು ಮೊಮ್ಮಕ್ಕಳಿಗೂ ರೂಢಿ ಮಾಡಿಸಿದ್ದೇನೆ. ಪತ್ರಿಕೆಗೆ ನಮ್ಮ ಅಳಿಲು ಸೇವೆ. ಇಷ್ಟು ಒತ್ತಿದ್ದರ ಹಣ ಹೋಯಿತೆಲ್ಲಿ? ನಡುವೆ ಯಾರೋ ತಿನ್ನುತ್ತಿದ್ದಾರೆ, ವಿಚಾರಿಸಿ. ಮೊನ್ನೆ ಅಡಿಕೆ ಸುಲಿಯುವ ಯಂತ್ರದ ಜಾಹೀರಾತೊಂದು ಬಂದಿತ್ತು. ನಮಗೂ ಅಂಥದ್ದೊಂದು ಬೇಕಾಗಿದೆ. ಆದರೆ ಇನ್ನೂ ಐದಾರು ಒತ್ತುವುದು ಬಾಕಿ ಇತ್ತು, ನೋಡದೇ ಮುಚ್ಚಿಬಿಟ್ಟೆ.

— ನಿವೃತ್ತ ಶಿಕ್ಷಕ, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ

ಮಾಸ್ತರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು, ಲೆಕ್ಕ ನೋಡಿಕೊಳ್ಳುವ ನಮ್ಮ ಮೇಡಂ ಒಬ್ಬರನ್ನು ಬಿಟ್ಟು. ಅವರು ಸೀದಾ ಎದ್ದುಹೋಗಿ ಕಂಪ್ಯೂಟರಿನಲ್ಲಿ ಮೂರು ತಿಂಗಳ ವರದಿ ತೆರೆದು, "ಬನ್ನಿ ಇಲ್ಲಿ" ಎಂದು ಕರೆದರು. ಗಂಟೆಗಂಟೆಯ ಲೆಕ್ಕ ತೋರಿಸುವ ಗೆರೆ ಅದು. ದಿನವಿಡೀ ನೆಲಕ್ಕೆ ಅಂಟಿಕೊಂಡು ತೆವಳುವ ಗೆರೆ, ರಾತ್ರಿ ಒಂಬತ್ತಕ್ಕೆ ಎದ್ದು ನಿಂತು ಗುಡ್ಡ ಹತ್ತುತ್ತದೆ, ಹತ್ತರೊಳಗೆ ಇಳಿದು ಮಲಗುತ್ತದೆ. ದಿನಾ ಹೀಗೇ. ನಡುವೆ ಎರಡು ರಾತ್ರಿ ಗುಡ್ಡವೇ ಇಲ್ಲ. "ಅವತ್ತು ಅವರ ಕಡೆ ಕರೆಂಟ್ ಹೋಗಿರಬೇಕು" ಎಂದರು ಮೇಡಂ. ನಮ್ಮದು ಸಣ್ಣ ಪತ್ರಿಕೆ ಮಾಸ್ತರೇ, ಮೂರು ಜನರ ಬೆರಳೂ ಗೆರೆಯಲ್ಲಿ ಎದ್ದು ಕಾಣುತ್ತದೆ.

ನಮಗೇ ಕಂಡದ್ದು ಜಾಹೀರಾತು ಹಂಚುವ ಕಂಪನಿಯ ಯಂತ್ರಗಳಿಗೆ ಕಾಣದಿರುತ್ತದೆಯೇ? ಒಂದು ತಿಂಗಳು ಹನ್ನೊಂದು ಸಾವಿರ ರೂಪಾಯಿ ಜಮಾ ಎಂದು ತೋರಿಸಿ, ಕೊನೆಗೆ ನಾಲ್ಕು ಸಾವಿರ ಚಿಲ್ಲರೆ ಕೈಗೆ ಕೊಟ್ಟರು. ಉಳಿದದ್ದರ ಎದುರು ಒಂದೇ ಸಾಲು: ಅಮಾನ್ಯ ಚಟುವಟಿಕೆ. ಯಾವ ಕ್ಲಿಕ್, ಯಾವ ಊರಿನದು, ಯಾವ ಕಾರಣಕ್ಕೆ ಎಂದು ಕೇಳಿದರೆ ಹೇಳುವುದಿಲ್ಲ. ಹೇಳಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತದಂತೆ. ಅದೂ ಸರಿಯೇ ಅನ್ನಿ. ಆದರೆ ಕಳ್ಳರಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರವಿಲ್ಲ.

ಇಡೀ ಕಡಿತವನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ನಿಮ್ಮಂಥ ಅಭಿಮಾನಿಗಳು ಇನ್ನೂ ಕೆಲವರಿದ್ದಾರೆ, ಮತ್ತು ಅವರನ್ನು ಹಾಳು ಮಾಡಿದವರು ನಾವೇ. ಎರಡು ವರ್ಷದ ಕೆಳಗೆ ನಮ್ಮಲ್ಲಿದ್ದ ಹುಡುಗನೊಬ್ಬ ಓದುಗರ ವಾಟ್ಸಾಪ್ ಗುಂಪಿಗೆ "ಓದಿದ ಮೇಲೆ ಒಂದು ಜಾಹೀರಾತು ಒತ್ತಿ, ಪತ್ರಿಕೆ ಉಳಿಸಿ" ಎಂದು ಸಂದೇಶ ಕಳಿಸಿದ್ದ. ನಾನೂ ನೋಡಿದ್ದೆ, ಒಳ್ಳೆಯ ಉಪಾಯ ಅಂದುಕೊಂಡಿದ್ದೆ. ನಮ್ಮ ಜಾಹೀರಾತನ್ನು ನಾವು ಒತ್ತಬಾರದು, ಒತ್ತಿ ಎಂದು ಬೇರೆಯವರನ್ನು ಕೇಳಲೂಬಾರದು ಎಂದು ಒಪ್ಪಂದದಲ್ಲೇ ಇದೆ. ಆ ಒಪ್ಪಂದವನ್ನು ನಾನು ಓದಿದ್ದು ಹಣ ಕಡಿತವಾದ ಮೇಲೆ.

ಒತ್ತಿದರೆ ತಪ್ಪೇನು ಎಂದು ನೀವು ಕೇಳುತ್ತೀರಿ. ನಿಮಗೆ ಗೊತ್ತಿರುವ ವ್ಯಾಪಾರದಿಂದಲೇ ಹೇಳುತ್ತೇನೆ. ಶಿರಸಿಯ ಸೊಸೈಟಿಯಲ್ಲಿ ಅಡಿಕೆ ಟೆಂಡರ್ ನೋಡಿದ್ದೀರಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಬಗೆಗಳು ಬೇರೆ ಬೇರೆ ಇರುತ್ತವೆ. ವ್ಯಾಪಾರಿಗಳು ಸುತ್ತಾಡಿ, ಕೈಹಾಕಿ, ಒಂದೆರಡು ಒಡೆದು ನೋಡಿ ದರ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ನಿಮ್ಮ ಫೋನಿನಲ್ಲಿ ನಮ್ಮ ಪುಟ ತೆರೆದುಕೊಳ್ಳುವಷ್ಟರಲ್ಲಿ ಇಂಥದ್ದೇ ಒಂದು ಟೆಂಡರ್ ಮುಗಿದಿರುತ್ತದೆ. ಅಲ್ಲಿ ಮಾಲು ನೀವು. ನಿಮ್ಮ ಕಣ್ಣೆದುರು ನಿಲ್ಲುವ ಜಾಗಕ್ಕೆ ಯಂತ್ರಗಳು ದರ ಹೇಳುತ್ತವೆ, ಗೆದ್ದವರ ಜಾಹೀರಾತು ಬಂದು ಕೂರುತ್ತದೆ. ಆದರೆ ಇಲ್ಲಿ ಚೀಲದೊಳಗೆ ಕೈಹಾಕುವಂತಿಲ್ಲ. ಮೇಲೆ ಹಚ್ಚಿದ ಚೀಟಿ ಓದಿ ದುಡ್ಡು ಕೊಡಬೇಕು. ಒಳಗಿರುವುದು ಚಾಲಿಯೋ, ಬೆಣಚುಕಲ್ಲೋ, ದೇವರೇ ಬಲ್ಲ.

ಮೊದಮೊದಲು ಇಷ್ಟು ತೊಡಕಿರಲಿಲ್ಲ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಬಂದಾಗ, ಗೋಡೆಗೆ ಬೋರ್ಡ್ ಹಾಕಿದ ಹಾಗೆ ಜಾಗಕ್ಕೆ ಬಾಡಿಗೆ ಕೊಡುತ್ತಿದ್ದರು. 1998ರಲ್ಲಿ ಗೋಟು ಡಾಟ್ ಕಾಮ್ ಎಂಬ ಕಂಪನಿ ಹೊಸ ಪದ್ಧತಿ ತಂದಿತು: ತೋರಿಸಿದ್ದಕ್ಕಲ್ಲ, ಒತ್ತಿದ್ದಕ್ಕೆ ಮಾತ್ರ ಹಣ. ಗಿರಾಕಿ ಅಂಗಡಿ ಬಾಗಿಲಿಗೆ ಬಂದು ನಿಂತರೆ ಮಾತ್ರ ಕೊಡಿ ಎಂದ ಹಾಗೆ. ಇದಕ್ಕಿಂತ ನ್ಯಾಯದ ವ್ಯವಹಾರ ಇನ್ನೇನಿದೆ ಅನ್ನಿಸುತ್ತದಲ್ಲ? ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯನ್ನು 2000ದಲ್ಲಿ ಶುರು ಮಾಡಿತು. 2003ರಲ್ಲಿ ಆಡ್‌ಸೆನ್ಸ್ ಮೂಲಕ ಬೇರೆಯವರ ತಾಣಗಳಲ್ಲೂ ಜಾಹೀರಾತು ಕೂರಿಸಿ, ಬಂದದ್ದರಲ್ಲಿ ಪಾಲು ಕೊಡತೊಡಗಿತು. ಎಡವಟ್ಟಾದದ್ದು ಇಲ್ಲೇ. ಬಾಗಿಲಿಗೆ ಬಂದವರ ತಲೆ ಎಣಿಸಿ ಕೂಲಿ ಎಂದ ಮೇಲೆ, ತಲೆಗಳನ್ನು ಬಾಡಿಗೆಗೆ ತರುವವರು ಹುಟ್ಟಿಕೊಂಡರು.

2004ರ ಕೊನೆಗೆ ಗೂಗಲ್ ಕಂಪನಿಯ ಹಣಕಾಸು ಮುಖ್ಯಸ್ಥ ಜಾರ್ಜ್ ರೇಯಸ್ ಅವರೇ, ಅಂತರ್ಜಾಲದ ಅರ್ಥವ್ಯವಸ್ಥೆಗೆ ಈ ನಕಲಿ ಕ್ಲಿಕ್ ಅತಿ ದೊಡ್ಡ ಅಪಾಯ ಎಂದು ಹೂಡಿಕೆದಾರರ ಮುಂದೆ ಹೇಳಿದ್ದರು. ಅದೇ ವರ್ಷ ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಯೊಂದು, ಗೃಹಿಣಿಯರೂ ಪದವೀಧರರೂ ಮನೆಯಲ್ಲಿ ಕೂತು ವಿದೇಶಿ ಜಾಹೀರಾತುಗಳನ್ನು ಒತ್ತಿ ಕಾಸು ಮಾಡಿಕೊಳ್ಳುತ್ತಿದ್ದಾರೆ ಎಂದು ವರದಿ ಮಾಡಿತ್ತು. ನೀವು ಪುಕ್ಕಟೆ ಮಾಡಿದ್ದನ್ನು ಅವರು ಕೂಲಿಗೆ ಮಾಡುತ್ತಿದ್ದರು, ಅಷ್ಟೇ.

ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಉಡುಗೊರೆ ಸಾಮಾನಿನ ಅಂಗಡಿಯೊಂದು, ನಕಲಿ ಕ್ಲಿಕ್ಕಿಗೂ ನಮ್ಮಿಂದ ಹಣ ಕಿತ್ತಿದ್ದಾರೆ ಎಂದು ಗೂಗಲ್ ಮೇಲೆ ದಾವೆ ಹೂಡಿತ್ತು. 2006ರಲ್ಲಿ 9 ಕೋಟಿ ಡಾಲರ್ ಮಿತಿಯ ರಾಜಿಯಾಯಿತು. ಜಾಹೀರಾತುದಾರರ ಕೈಗೆ ನಗದು ಬರಲಿಲ್ಲ. ಮುಂದಿನ ಜಾಹೀರಾತಿಗೆ ವಜಾ ಮಾಡಿಕೊಳ್ಳಿ ಎಂದರು. ವಕೀಲರ ಫೀ ಮಾತ್ರ ಆ 9 ಕೋಟಿಯೊಳಗೇ ಸೇರಿತ್ತು. ಆ ಪ್ರಕರಣದಲ್ಲಿ ಅಲೆಕ್ಸಾಂಡರ್ ತುಝಿಲಿನ್ ಎಂಬ ಪ್ರಾಧ್ಯಾಪಕರು ಗೂಗಲ್ ಒಳಹೊಕ್ಕು ನೋಡಿ ವರದಿ ಬರೆದರು. ಕಂಪನಿಯ ಪ್ರಯತ್ನ ಸಮಂಜಸವಾಗಿದೆ ಎಂದರು. ಜೊತೆಗೆ ಹೇಳಿದ ಇನ್ನೊಂದು ಮಾತು ನಮ್ಮಿಬ್ಬರಿಗೂ ಸಂಬಂಧಪಟ್ಟದ್ದು: ಒತ್ತಿದವರ ಮನಸ್ಸಿನಲ್ಲಿ ಏನಿತ್ತು ಎಂದು ಎಷ್ಟೋ ಸಲ ಕಂಡುಹಿಡಿಯಲು ಬರುವುದೇ ಇಲ್ಲ.

ನೋಡಿ, ಗುಟ್ಟು ಇರುವುದು ಇಲ್ಲಿ. ನಿಮ್ಮ ಪ್ರೀತಿಯ ಕ್ಲಿಕ್ಕಿಗೂ ಕಳ್ಳನ ಕ್ಲಿಕ್ಕಿಗೂ ಹೊರಗಿನಿಂದ ರೂಪ ಒಂದೇ. ಇಬ್ಬರಿಗೂ ಆ ವಸ್ತು ಬೇಕಾಗಿಲ್ಲ. ಇಬ್ಬರೂ ಒತ್ತುತ್ತೀರಿ, ಎರಡು ಸೆಕೆಂಡಿನಲ್ಲಿ ಮುಚ್ಚುತ್ತೀರಿ, ಮುಂದಿನದಕ್ಕೆ ಹೋಗುತ್ತೀರಿ.

ಇನ್ನು ಕಳ್ಳರ ವಿಷಯಕ್ಕೆ ಬಂದರೆ, ಅವರು ನಿಮಗಿಂತ ಚೆನ್ನಾಗಿ ಮನುಷ್ಯರ ಹಾಗೆ ನಟಿಸುತ್ತಾರೆ. 2016ರ ಡಿಸೆಂಬರಿನಲ್ಲಿ ಜಾಹೀರಾತು ವಂಚನೆ ಪತ್ತೆಹಚ್ಚುವ ಸೇವೆ ಮಾರುವ ವೈಟ್ ಆಪ್ಸ್ ಎಂಬ ಸಂಸ್ಥೆ ಬಯಲು ಮಾಡಿದ 'ಮೆಥ್‌ಬಾಟ್' ಪ್ರಕರಣ ಕೇಳಿ. ಅಲೆಕ್ಸಾಂಡರ್ ಝುಕೋವ್ ಎಂಬ ರಷ್ಯನ್ ಮತ್ತು ಅವನ ಗುಂಪು ಡಲ್ಲಾಸ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಸುಮಾರು ಎರಡು ಸಾವಿರ ಸರ್ವರ್, ಅಂದರೆ ಸದಾ ಅಂತರ್ಜಾಲಕ್ಕೆ ಜೋಡಿಸಿದ ಕಂಪ್ಯೂಟರ್, ಬಾಡಿಗೆಗೆ ಹಿಡಿದಿತ್ತು. ಹೆಸರಾಂತ ಪತ್ರಿಕೆ, ಟಿವಿ ತಾಣಗಳೂ ಸೇರಿ 6,000ಕ್ಕೂ ಹೆಚ್ಚು ವಿಳಾಸಗಳನ್ನು ನಕಲು ಮಾಡಿ, ಒಳಗೆ ಏನೂ ಇಲ್ಲದ ಪುಟ ಸೃಷ್ಟಿಸಿ, ವಿಡಿಯೊ ಜಾಹೀರಾತಿಗೆ ಜಾಗವಿದೆ ಎಂದು ಟೆಂಡರಿಗೆ ಇಟ್ಟರು. ಓದುಗರೂ ಸರ್ವರುಗಳೇ. ಆ ಓದುಗ ಯಂತ್ರ ಮೌಸ್ ಅಲ್ಲಾಡಿಸುತ್ತಿತ್ತು. ಪುಟವನ್ನು ಕೆಳಗೆ ಸರಿಸುತ್ತಿತ್ತು. ವಿಡಿಯೊ ಶುರು ಮಾಡಿ ನಡುವೆ ನಿಲ್ಲಿಸುತ್ತಿತ್ತು, ಅಡುಗೆಮನೆಯಿಂದ ಯಾರೋ ಕರೆದ ಹಾಗೆ. ಫೇಸ್‌ಬುಕ್ಕಿಗೆ ಲಾಗಿನ್ ಆಗಿರುವ ಹಾಗೂ ತೋರಿಸಿಕೊಳ್ಳುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಐಪಿ ವಿಳಾಸಗಳನ್ನು (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅಮೆರಿಕದ ಮನೆಮನೆಯ ಇಂಟರ್ನೆಟ್ ಸಂಪರ್ಕ ಎಂಬಂತೆ ಸುಳ್ಳು ದಾಖಲೆ ಮಾಡಿಸಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಇಡೀ ಒಂದು ಊರು. ಒಳಗೆ ನರಪಿಳ್ಳೆಯಿಲ್ಲ.

ಆ ಗುಂಪು ದಿನಕ್ಕೆ 30ರಿಂದ 50 ಲಕ್ಷ ಡಾಲರ್ ಬಾಚುತ್ತಿತ್ತು ಎಂದು ವೈಟ್ ಆಪ್ಸ್ ಅಂದಾಜು ಮಾಡಿತ್ತು. ನ್ಯಾಯಾಲಯದಲ್ಲಿ ಕೊನೆಗೆ ನಿಂತ ಲೆಕ್ಕ ಒಟ್ಟು 70 ಲಕ್ಷ ಡಾಲರಿಗೂ ಸ್ವಲ್ಪ ಹೆಚ್ಚು. ಕಳ್ಳರು ಎಷ್ಟು ಜನ ಎಂದು ಬೀಗ ಮಾರುವವರನ್ನು ಕೇಳಿದರೆ ಸಂಖ್ಯೆ ತುಸು ದೊಡ್ಡದಾಗಿಯೇ ಬರುತ್ತದೆ, ಇದು ನನ್ನ ಗುಮಾನಿ. ಝುಕೋವ್ 2018ರಲ್ಲಿ ಬಲ್ಗೇರಿಯಾದಲ್ಲಿ ಸಿಕ್ಕಿಬಿದ್ದ. 2021ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ನ್ಯಾಯಾಲಯ ಅವನಿಗೆ 10 ವರ್ಷ ಸಜೆ ಕೊಟ್ಟಿತು. ತನ್ನನ್ನು 'ವಂಚನೆಯ ರಾಜ' ಎಂದು ತಾನೇ ಕರೆದುಕೊಂಡಿದ್ದನಂತೆ. ಯಂತ್ರಕ್ಕೆ ಮನುಷ್ಯರ ವೇಷ ಹಾಕಿಸಿದವನಿಗೆ ಬಾಯಿ ಮುಚ್ಚಿಕೊಂಡಿರಲು ಬರಲಿಲ್ಲ.

ನಡುವೆ ತಿನ್ನುವವರು ಯಾರು ಎಂದು ಕೇಳಿದ್ದೀರಿ. ನಮ್ಮ ಖಾತೆಯಿಂದ ಕಡಿದದ್ದು, ನಿಯಮದ ಪ್ರಕಾರ, ಜಾಹೀರಾತು ಕೊಟ್ಟವರಿಗೆ ವಾಪಸ್ ಹೋಗಬೇಕು. ಅದು ಅವರದೇ ಹಣ, ನಾನು ಬೇಸರಪಟ್ಟುಕೊಳ್ಳುವ ಹಾಗಿಲ್ಲ. ಆದರೆ ಸಿಕ್ಕಿಬೀಳದ ಕಳ್ಳ ಕ್ಲಿಕ್ಕಿನ ಮೇಲೆ ಜಾಹೀರಾತು ಏಜೆನ್ಸಿ, ಹರಾಜು ನಡೆಸುವವರು, ಜಾಗ ಮಾರಿಸಿಕೊಡುವ ದಲ್ಲಾಳಿ, ಎಲ್ಲರಿಗೂ ಕಮಿಷನ್ ಬರುತ್ತದೆ. ಮಾಲು ಎಷ್ಟು ಹೆಚ್ಚು ತೂಗಿದರೆ ಅಷ್ಟು ಕಮಿಷನ್ ಎಂದಾದಾಗ ಕಲ್ಲು ಹೆಕ್ಕುವ ಉಮೇದು ಯಾರಿಗಿರುತ್ತದೆ? ಬೇಲಿ ಎದ್ದು ಹೊಲ ಮೇಯದಿದ್ದರೂ, ಮೇಯುವವರಿಗೆ ದಾರಿ ಬಿಟ್ಟು ನಿಲ್ಲುತ್ತದೆ. 2017ರಲ್ಲಿ ಅಮೆರಿಕದ ಜೆಪಿ ಮೋರ್ಗನ್ ಚೇಸ್ ಬ್ಯಾಂಕು, 4 ಲಕ್ಷ ತಾಣಗಳಲ್ಲಿ ಬರುತ್ತಿದ್ದ ತನ್ನ ಜಾಹೀರಾತನ್ನು ಸುಮಾರು 5,000 ತಾಣಗಳಿಗೆ ಇಳಿಸಿತು. ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಉಳಿದ 3,95,000 ತಾಣಗಳಲ್ಲಿ ಯಾರು ಏನು ನೋಡುತ್ತಿದ್ದರು ಎಂದು ನೀವೇ ಊಹಿಸಿ.

ಬ್ಯಾಂಕಿಗೇನು, ತಡೆದುಕೊಳ್ಳುತ್ತದೆ. ಸಣ್ಣವರ ಪಾಡು ಬೇರೆ. ನನ್ನ ಪರಿಚಯದವರೊಬ್ಬರು ಮಲೆನಾಡಿನಲ್ಲಿ ಹೋಮ್‌ಸ್ಟೇ ನಡೆಸುತ್ತಾರೆ. ದಿನಕ್ಕೆ 500 ರೂಪಾಯಿ ಜಾಹೀರಾತಿಗೆ ಎತ್ತಿಟ್ಟಿದ್ದರು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಣ ಪೂರಾ ಖರ್ಚು, ಒಂದು ಫೋನ್ ಕರೆ ಇಲ್ಲ. ಹಣ ಮುಗಿದರೆ ಅವತ್ತಿಗೆ ಜಾಹೀರಾತು ಮಾಯ. ಪೈಪೋಟಿಯವರು ಯಾರೋ ಎದ್ದ ಕೂಡಲೇ ಒತ್ತಿ ಮುಗಿಸುತ್ತಿದ್ದಾರೆ ಎಂದು ಅವರ ಅನುಮಾನ. ಸಾಬೀತು ಮಾಡಲಾಗಲಿಲ್ಲ, ಜಾಹೀರಾತನ್ನೇ ನಿಲ್ಲಿಸಿದರು. ನೀವು ರಾತ್ರಿ ಒಂಬತ್ತಕ್ಕೆ ಒತ್ತುವ ಹತ್ತು ಹದಿನೈದರಲ್ಲಿ ಇಂಥವರದೂ ಒಂದು ಇದ್ದಿರಬಹುದು. ನೀವು ನಮಗೆಂದು ಕೊಟ್ಟದ್ದು ಅವರ ಜೇಬಿನಿಂದ.

ಮುದ್ರಣದವರು ಸಾಚಾ ಎಂದು ನಾನೇನೂ ಹೇಳಿಕೊಳ್ಳುತ್ತಿಲ್ಲ. ಪ್ರಸಾರ ಸಂಖ್ಯೆ ಹಿಗ್ಗಿಸಿ ತೋರಿಸಲು ಹೆಚ್ಚು ಪ್ರತಿ ಅಚ್ಚು ಹಾಕಿ, ಕಟ್ಟು ಬಿಚ್ಚದೇ ರದ್ದಿಗೆ ಹಾಕಿದ ಕಥೆಗಳು ನಮ್ಮ ವೃತ್ತಿಯಲ್ಲಿ ಬೇಕಾದಷ್ಟಿವೆ. ಪತ್ರಿಕೆಗಳ ಮಾತನ್ನು ನಂಬಲಾಗದೆಂದೇ ಪ್ರಸಾರ ಎಣಿಸುವ ಆಡಿಟ್ ಬ್ಯೂರೋ 1948ರಲ್ಲಿ ಇಲ್ಲಿ ಹುಟ್ಟಿದ್ದು. ಕಟ್ಟು ಕಣ್ಣಿಗೆ ಕಾಣುವುದರಿಂದ ಹೋಗಿ ಎಣಿಸಬಹುದು, ಅದೊಂದು ಅನುಕೂಲ.

ವೆಬ್‌ಸೈಟಿನಲ್ಲೂ ಅಂಥದ್ದೊಂದು ಚೀಟಿ ವ್ಯವಸ್ಥೆ 2017ರಿಂದ ಬಂದಿದೆ. ನಮ್ಮ ಜಾಗವನ್ನು ಯಾರ್ಯಾರು ಮಾರಬಹುದು ಎಂಬ ಪಟ್ಟಿಯನ್ನು 'ಆಡ್ಸ್ ಡಾಟ್ ಟಿಎಕ್ಸ್‌ಟಿ' ಎಂಬ ಸಣ್ಣ ಕಡತದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡುವುದು. ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಆ ವರ್ಷ ಹುಡುಕಿದಾಗ, ತಾನು ಮಾರದೇ ಇದ್ದ ಜಾಗವನ್ನು ತನ್ನ ಹೆಸರಿನಲ್ಲಿ ಯಾರ್ಯಾರೋ ಮಾರುತ್ತಿದ್ದದ್ದು ಸಿಕ್ಕಿತ್ತು, ಅದೂ ತಿಂಗಳಿಗೆ 10 ಲಕ್ಷ ಪೌಂಡಿನಷ್ಟು ಎಂದು ಅದರದೇ ಅಂದಾಜು. ನಮ್ಮ ಹೆಸರಿಗೆ ಅಷ್ಟು ಬೆಲೆಯಿಲ್ಲ, ಯಾರೂ ಕದಿಯಲಾರರು. ಆದರೂ ನಾವೂ ಕಡತ ಹಾಕಿದ್ದೇವೆ. ಕಳ್ಳ ಮಾರಾಟ ಅದರಿಂದ ಸ್ವಲ್ಪ ನಿಲ್ಲುತ್ತದೆ. ನಿಮ್ಮ ಮೊಮ್ಮಕ್ಕಳು ನಿಲ್ಲುವುದಿಲ್ಲ.

ಹಾಗಾಗಿ ಹೊಸ ಏರ್ಪಾಡು ಹೀಗೆ. ಬರುವ ತಿಂಗಳಿಂದ ಮುಖಪುಟದಲ್ಲಿ ಹರಾಜಿನ ಜಾಹೀರಾತು ಇರುವುದಿಲ್ಲ. ಆ ಜಾಗವನ್ನು ನಮಗೆ ಗೊತ್ತಿರುವ ಅಂಗಡಿ, ನರ್ಸರಿ, ಮುದ್ರಣಾಲಯಗಳಿಗೆ ತಿಂಗಳ ಬಾಡಿಗೆಗೆ ಕೊಡುತ್ತೇವೆ. ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. 1994ಕ್ಕೆ ವಾಪಸ್ ಹೋದ ಹಾಗೆ. ಆದಾಯ ಕಡಿಮೆಯೇ ಆಗುತ್ತದೆ, ಮೇಡಂ ಈಗಾಗಲೇ ಲೆಕ್ಕ ಹಾಕಿ ಮುಖ ಗಂಟಿಕ್ಕಿದ್ದಾರೆ. ಅದಕ್ಕೇ ಚಂದಾ ಏರಿಸಿದ್ದು. ಒಳಪುಟಗಳಲ್ಲಿ ಹರಾಜಿನದು ಸದ್ಯಕ್ಕೆ ಮುಂದುವರಿಯುತ್ತದೆ, ಪೂರಾ ಬಿಡುವ ಶಕ್ತಿ ನಮಗಿಲ್ಲ.

ಆ ಒಳಪುಟಗಳಲ್ಲಿ ನೀವು ಇಂದಿನಿಂದ ಒತ್ತಬೇಡಿ. ಮಕ್ಕಳಿಗೆ ಬೈಯಬೇಡಿ, ಅವರು ಹೇಳಿದ್ದನ್ನು ಮಾಡಿದ್ದಾರೆ. ಅಡಿಕೆ ಸುಲಿಯುವ ಯಂತ್ರದ ಆ ಜಾಹೀರಾತು ಮತ್ತೆ ಕಂಡರೆ ಮಾತ್ರ ಒತ್ತಿ, ಗಡಿಬಿಡಿ ಮಾಡದೇ ಓದಿ, ಫೋನ್ ನಂಬರ್ ಇದ್ದರೆ ಮಾತಾಡಿ. ಹಸಿ ಅಡಿಕೆ ಸುಲಿಯುವುದೋ ಒಣಗಿದ್ದೋ ಎಂದು ಮೊದಲೇ ಕೇಳಿಕೊಳ್ಳಿ. ಎರಡಕ್ಕೂ ಯಂತ್ರ ಬೇರೆ ಬೇರೆ.