ಬಾಡಿಗೆ ಕಾರು ಗುದ್ದಿದರೆ ಪರಿಹಾರ ಯಾರಿಂದ?

ಆಲ್ದೂರಿನ ಓದುಗರಿಗೆ,

ಮೂರು ವಾರದ ಹಿಂದೆ ಕೈಮರದ ತಿರುವಿನಲ್ಲಿ ಬೆಂಗಳೂರಿನ ಪ್ರವಾಸಿಗರೊಬ್ಬರು ಓಡಿಸುತ್ತಿದ್ದ ಬಾಡಿಗೆ ಕಾರು ನಿಮ್ಮ ಸ್ಕೂಟರಿಗೆ ಗುದ್ದಿ, ಬಲ ಮಣಿಕಟ್ಟು ಮುರಿದು, ಪ್ಲೇಟ್ ಹಾಕಿಸಿಕೊಂಡಿದ್ದೀರಿ. ‘ಬುಕ್ ಮಾಡುವಾಗಲೇ ಇನ್ಶೂರೆನ್ಸಿಗೆ ದುಡ್ಡು ಕಟ್ಟಿದ್ದೇನೆ, ಕಂಪನಿಯನ್ನು ಕೇಳಿ’ ಎನ್ನುತ್ತಾರೆ ಅವರು. ‘ಒಪ್ಪಂದದಂತೆ ಎಲ್ಲ ಹೊಣೆ ಗ್ರಾಹಕರದ್ದು’ ಎನ್ನುತ್ತದೆ ಕಾರು ಬಾಡಿಗೆಗೆ ಕೊಟ್ಟ ಕಂಪನಿ. ಅಂದೇ ಫೋನಿನಲ್ಲಿ ಹತ್ತು ಸಾವಿರ ಹಾಕಿಸಿಕೊಂಡು ರಾಜಿ ಚೀಟಿಗೆ ಸಹಿ ಮಾಡಿದ್ದರಿಂದ ಪೊಲೀಸ್ ದೂರೂ ಆಗಿಲ್ಲ.

ಅವರಿಬ್ಬರ ಒಪ್ಪಂದ ಅವರಿಬ್ಬರಿಗೆ. ಬುಕಿಂಗ್ ಜೊತೆ ಕಟ್ಟುವ ಆ ಹಣ, ಬಾಡಿಗೆ ಕಾರಿಗೇ ಆದ ಡ್ಯಾಮೇಜಿಗೆ ಗ್ರಾಹಕ ಎಷ್ಟು ತೆರಬೇಕು ಎಂಬುದಕ್ಕೆ ಮಾತ್ರ ಸಂಬಂಧಿಸಿದ್ದು. ನಿಮಗೆ ಬೇಕಾದದ್ದು ಕಾರಿನ ಮೇಲೆ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಇರಲೇಬೇಕಾದ ಥರ್ಡ್ ಪಾರ್ಟಿ ವಿಮೆ, ಅಂದರೆ ಆ ವಾಹನದಿಂದ ಹೊರಗಿನವರಿಗೆ ಆದ ಹಾನಿಗೆ ಕೊಡುವ ವಿಮೆ. ಅದು ವಾಹನದ ಜೊತೆ ಹೋಗುತ್ತದೆ, ಸ್ಟೀರಿಂಗ್ ಹಿಡಿದವರು ಮಾಲೀಕರಾಗಿರಬೇಕಿಲ್ಲ. ನಂಬರ್ ಗೊತ್ತಿದ್ದರೆ ಪರಿವಾಹನ್ ಆ್ಯಪ್‌ನಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿಯ ಅವಧಿ ಸಿಗುತ್ತದೆ. ಇವತ್ತೇ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಂಬರ್ ಪ್ಲೇಟಿನ ಬಣ್ಣವನ್ನು ನೀವು ಬರೆದಿಲ್ಲ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಅದು ಪರವಾನಗಿ ಪಡೆದ ಸೆಲ್ಫ್ ಡ್ರೈವ್ ಕಾರು, ತೊಡಕು ಕಡಿಮೆ. ಬಿಳಿ ಪ್ಲೇಟಾದರೆ ಸ್ವಂತ ಬಳಕೆಯ ಕಾರನ್ನು ಯಾರೋ ಸದ್ದಿಲ್ಲದೆ ಬಾಡಿಗೆಗೆ ಬಿಟ್ಟಿದ್ದಾರೆ ಎಂದರ್ಥ (ಶನಿವಾರ ಭಾನುವಾರ ಗಿರಿ ಹತ್ತುವ ಸಾಲಿನಲ್ಲಿ ಇಂಥವಕ್ಕೆ ಬರವಿಲ್ಲ). ಆಗ ವಿಮಾ ಕಂಪನಿ ‘ಷರತ್ತು ಮುರಿದಿದ್ದಾರೆ, ನಾವು ಕೊಡುವುದಿಲ್ಲ’ ಎಂದು ವಾದಿಸುವುದು ಖಂಡಿತ. ಇಂಥಲ್ಲಿ ಅನೇಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು, 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಾರಿ ಹಿಡಿದು, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎನ್ನುತ್ತವೆ. ಎಲ್ಲ ಪ್ರಕರಣದಲ್ಲೂ ಹಾಗೇ ಆಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ನ್ಯಾಯಮಂಡಳಿಗೆ ಹಾಕುವ ಪರಿಹಾರದ ಅರ್ಜಿಯಲ್ಲಿ ಓಡಿಸಿದವರು, ಆರ್.ಸಿ.ಯಲ್ಲಿರುವ ಮಾಲೀಕರು, ವಿಮಾ ಕಂಪನಿ, ಮೂವರನ್ನೂ ಎದುರುದಾರರನ್ನಾಗಿ ಮಾಡಿ.

ನಿಮ್ಮ ಕೇಸಿನ ನಿಜವಾದ ತೊಂದರೆ ದೂರು ತಡವಾದದ್ದು. ಮೂರು ವಾರ ಕಳೆದ ಮೇಲಿನ ಎಫ್.ಐ.ಆರ್. ಕಂಡರೆ, ಸ್ಕೂಟರಿನಿಂದ ತಾನೇ ಬಿದ್ದವರು ವಿಮೆಯಿರುವ ಕಾರೊಂದನ್ನು ಸೇರಿಸಿದ್ದಾರೆ ಎಂಬುದೇ ವಿಮಾ ಕಂಪನಿ ವಕೀಲರ ಮೊದಲ ಮಾತು. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಕಾರಣ ಕೊಡಬೇಕು. ಠಾಣೆಗೆ ಹೋಗುವ ಮುಂಚೆ ಆಸ್ಪತ್ರೆಯ ಎಂ.ಎಲ್.ಸಿ. (ಅಪಘಾತದಂಥ ಕಾನೂನು ಪ್ರಕರಣಗಳ ದಾಖಲೆ) ನಮೂದಿನ ಪ್ರತಿ ತೆಗೆಸಿ. ಅದರಲ್ಲಿ ‘ಕಾರು ಡಿಕ್ಕಿ’ ಎಂದಿದ್ದರೆ ಅರ್ಧ ಕೆಲಸ ಮುಗಿಯಿತು. ‘ಸ್ಕೂಟರ್ ಸ್ಕಿಡ್’ ಎಂದು ಯಾರೋ ಬರೆಸಿದ್ದರೆ, ಹಾಗೆ ಏಕಾಯಿತೆಂಬುದನ್ನು ದೂರಿನಲ್ಲೇ ವಿವರಿಸಿ. ಹಣ ಪಡೆದದ್ದನ್ನು ಮುಚ್ಚಿಡಬೇಡಿ. ಅಂತಿಮ ಮೊತ್ತದಲ್ಲಿ ಅದನ್ನು ಕಳೆಯಬಹುದು, ಆದರೆ ಹೆಸರು, ದಿನ, ಗಂಟೆ ಸಮೇತ ಇರುವ ಆ ಪಾವತಿಯೇ ಕಾರು ಅಲ್ಲಿತ್ತು, ಓಡಿಸಿದವರು ಇವರೇ ಎಂಬುದಕ್ಕೆ ನಿಮ್ಮ ಕೈಲಿರುವ ಒಳ್ಳೆಯ ಸಾಕ್ಷಿ. ಸ್ಕೂಟರನ್ನು ಇನ್ನೂ ರಿಪೇರಿಗೆ ಬಿಡಬೇಡಿ, ಮೋಟಾರು ವಾಹನ ನಿರೀಕ್ಷಕರು ನೋಡಿ ವರದಿ ಕೊಡಬೇಕು.

ಕೇಸು ದಾಖಲಾದ ಮೇಲೆ, 2022ರ ನಿಯಮದಂತೆ ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಅದನ್ನೇ ನೆಚ್ಚಿ ಕೂರಬೇಡಿ. ಪರಿಹಾರ ಕೇಳುವ 166ನೇ ಕಲಮಿನ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ‘ಎಷ್ಟು ವರ್ಷಕ್ಕೆ ಹಾಕಿದರೂ ನಡೆಯುತ್ತೆ’ ಎನ್ನುವವರು ಹಳೆಯ ಕಾನೂನು ಹೇಳುತ್ತಿದ್ದಾರೆ. ಅರ್ಜಿ ಹಾಕಲು ಬೆಂಗಳೂರಿಗೆ ಅಲೆಯಬೇಕಿಲ್ಲ: ಅಪಘಾತವಾದದ್ದೂ ನೀವು ವಾಸವಿರುವುದೂ ಚಿಕ್ಕಮಗಳೂರು ತಾಲ್ಲೂಕಿನಲ್ಲೇ, ಅಲ್ಲಿನ ನ್ಯಾಯಮಂಡಳಿಯೇ ಸಾಕು.

ನಡುವೆ ಯಾರಾದರೂ 164ನೇ ಕಲಂ ಪ್ರಕಾರ ಎರಡೂವರೆ ಲಕ್ಷ ಕೊಡಿಸುತ್ತೇವೆ ಎಂದಾರು. ತಪ್ಪು ಯಾರದೆಂದು ಸಾಬೀತು ಮಾಡದೆ ತೀವ್ರ ಗಾಯಕ್ಕೆ ಸಿಗುವ ಹಣ ಅದು, ಮೂಳೆ ಮುರಿತವೂ ತೀವ್ರ ಗಾಯವೇ. ಆದರೆ ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಸಹಿಗೆ ಮುಂಚೆ ಲೆಕ್ಕ ಹಾಕಿ. ವಯಸ್ಸು 42, ತಿಂಗಳ ದುಡಿಮೆ 15,000, ಇಡೀ ದೇಹಕ್ಕೆ ಅನ್ವಯಿಸಿ 10% ಅಂಗವೈಕಲ್ಯ ಎಂದುಕೊಳ್ಳಿ. ಆ ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 14. ಮುಂದಿನ ದುಡಿಮೆಯ ನಷ್ಟವೇ 2,52,000 ರೂಪಾಯಿ. ಆಸ್ಪತ್ರೆ ಬಿಲ್ಲು, ಕೆಲಸಕ್ಕೆ ಹೋಗದ ತಿಂಗಳುಗಳ ಸಂಬಳ, ನೋವು, ಆರೈಕೆ, ಓಡಾಟ ಎಲ್ಲ ಇದರ ಮೇಲೆ. ವೈದ್ಯರು ಕೈಗೆ 30% ಎಂದು ಬರೆದರೆ ಅಷ್ಟೂ ದೇಹಕ್ಕೆ ಲೆಕ್ಕವಾಗದು, ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತಾರೆ. ತೋಟದ ಮಜೂರಿಯಾದರೆ ಹಾಜರಿ ಪುಸ್ತಕದ ನಕಲು, ಬ್ಯಾಂಕ್ ಪಾಸ್‌ಬುಕ್ ತೆಗೆದಿಡಿ. ಕಾಗದವಿಲ್ಲದ ಆದಾಯವನ್ನು ನ್ಯಾಯಮಂಡಳಿ ಅಂದಾಜಿನ ಮೇಲೆ ಹಿಡಿಯುತ್ತದೆ, ಅದು ಕಡಿಮೆಯಾಗುವುದೇ ಹೆಚ್ಚು.

ಸ್ಕೂಟರಿನ ರಿಪೇರಿಯನ್ನು ನಿಮ್ಮದೇ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಅದರಿಂದ ಪಡೆಯುವುದು ಬೇಗ. ಅದೇ ಖರ್ಚನ್ನು ಎರಡೂ ಕಡೆ ಕೇಳುವಂತಿಲ್ಲ.

ಮಣಿಕಟ್ಟಿನ ಪ್ಲೇಟ್ ಮುಂದೆ ತೆಗೆಸಬೇಕಾದೀತೇ ಎಂದು ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ. ಹೌದೆಂದರೆ ಅಂದಾಜು ಖರ್ಚನ್ನು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ಅರ್ಜಿಯ ಜೊತೆಗೇ ಲಗತ್ತಿಸಿ. ತೀರ್ಪು ಬಂದ ಮೇಲೆ ಆ ಖರ್ಚಿಗೆ ಮತ್ತೆ ಅರ್ಜಿ ಹಾಕಲು ಬರುವುದಿಲ್ಲ.

– ಸಂಪಾದಕ