ಅಮ್ಮನ ಮಂಡಿ ಊತ ಮತ್ತು ಸ್ಟೆಮ್ ಸೆಲ್

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ಅಮ್ಮನಿಗೆ 66 ವರ್ಷ. ಮಂಡಿ ಊದಿಕೊಂಡು ಸ್ಟೇಷನ್ ಸೇತುವೆ ಹತ್ತಲು ಆಗುತ್ತಿಲ್ಲ. ಸ್ಟೆಮ್ ಸೆಲ್ ಚುಚ್ಚಿದರೆ ಉರಿಯೂತ ಹೋಗಿ ಸವೆದ ಕೀಲು ಹೊಸದಾಗಿ ಬೆಳೆಯುತ್ತದೆ ಅಂತ ಒಂದು ಕ್ಲಿನಿಕ್‌ನವರು ಹೇಳುತ್ತಾರೆ. ನಂಬಬಹುದಾ?’

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಎರಡು ದಿನ ತಲೆಯಲ್ಲೇ ಇತ್ತು. ನನ್ನ ತಾಯಿಯೂ ಮಾಟುಂಗಾ ಮಾರ್ಕೆಟ್‌ಗೆ ಹೋಗುವುದನ್ನು ಹೀಗೇ ಬಿಟ್ಟರು.

ಹೋದ ವಾರ ಕಾಯಿ ತುರಿಯುವಾಗ ನನ್ನ ಹೆಬ್ಬೆರಳಿಗೆ ಗಾಯವಾಯಿತು. ರಾತ್ರಿ ಹೊತ್ತಿಗೆ ಕೆಂಪಗಾಗಿ, ಬಿಸಿಯಾಗಿ, ಒಳಗೆ ಮಿಡಿಯುತ್ತಿತ್ತು. ನಾಲ್ಕನೇ ದಿನ ಊತ ಇಳಿಯಿತು. ತಾನಾಗೇ ಇಳಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಉರಿಯೂತ ಸುಮ್ನೆ ಆರುವುದಿಲ್ಲ, ದೇಹವೇ ಅದನ್ನು ಆರಿಸಬೇಕು.

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಈ ಕೆಲಸಕ್ಕೆ ಕೈಜೋಡಿಸುವುದರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಬಗೆಯವೂ ಇವೆ. ಮೂಳೆಮಜ್ಜೆಯಲ್ಲಿ, ಕೊಬ್ಬಿನಲ್ಲಿ, ಹೊಕ್ಕುಳಬಳ್ಳಿಯಲ್ಲಿ ಇರುತ್ತವೆ. ಸುತ್ತಲೂ ಉರಿಯೂತದ ರಾಸಾಯನಿಕಗಳು ಜಾಸ್ತಿಯಾದಾಗ ಇವು ಎಚ್ಚೆತ್ತು ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನು ಬಿಡುತ್ತವೆ, ಅದು ತಾಗಿದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ ಜಗಳ ಬಿಟ್ಟು ರಿಪೇರಿಗೆ ಇಳಿಯುತ್ತದೆ, ಊತ ತಗ್ಗಿಸುವ ಇಂಟರ್‌ಲ್ಯೂಕಿನ್ 10 ಅನ್ನೂ ಬಿಡುತ್ತದೆ. ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಐಡಿಒ ಎಂಬ ಕಿಣ್ವದಿಂದ ಇವು ಅಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಖರ್ಚು ಮಾಡಿಬಿಡುತ್ತವೆ. ಅದಿಲ್ಲದೆ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ಸರಿಯಾಗಿ ಹೆಚ್ಚುವುದಿಲ್ಲ.

ಅಂದರೆ ಇವುಗಳ ಮುಖ್ಯ ಕೆಲಸ ಸಂದೇಶ ಕೊಡುವುದು. 1991ರಲ್ಲಿ ಇವಕ್ಕೆ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ, ‘ಸ್ಟೆಮ್ ಸೆಲ್’ ಅಂತ ಕರೆಯುವುದು ಜನರ ದಾರಿ ತಪ್ಪಿಸುತ್ತದೆ, ಹೆಸರು ಬದಲಿಸಿ ಎಂದು 2017ರಲ್ಲಿ ಬರೆದರು. ರಕ್ತನಾಳಕ್ಕೆ ಚುಚ್ಚಿದರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಇಲ್ಲವಾಗುತ್ತವೆ. ಹೊಸ ಕೀಲು ಬೆಳೆಯುತ್ತದೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಹಾಗಂತ ಇದೆಲ್ಲ ಬೊಗಳೆಯಲ್ಲ. ಮೂಳೆಮಜ್ಜೆ ಕಸಿಯಾದ ಮೇಲೆ ದಾನಿಯ ಕೋಶಗಳು ರೋಗಿಯ ಮೈಮೇಲೇ ಬೀಳುವುದುಂಟು. ಅಂಥ ಕಾಯಿಲೆ ಬಂದು, ಅದು ಯಾವ ಔಷಧಿಗೂ ಜಗ್ಗದೆ ಮಲಗಿದ್ದ 9 ವರ್ಷದ ಹುಡುಗನೊಬ್ಬ ಸ್ವೀಡನ್ನಿನಲ್ಲಿ ತಾಯಿಯ ಈ ಕೋಶಗಳಿಂದ ಚೇತರಿಸಿಕೊಂಡ. ಆ ವರದಿ ಬಂದದ್ದು 2004ರಲ್ಲಿ. ಇದೇ ಕಾಯಿಲೆಯ ಮಕ್ಕಳಿಗಾಗಿ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಇಂಥ ಔಷಧಿಗೆ ಒಪ್ಪಿಗೆ ಕೊಟ್ಟಿದೆ.

ಇನ್ನು ಮಂಡಿ. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಕಂಪನಿ ಈ ಕೋಶಗಳಿಂದ ತಯಾರಿಸಿದ ಒಂದು ಮಂಡಿ ಇಂಜೆಕ್ಷನ್‌ಗೆ 2022ರಲ್ಲಿ ನಮ್ಮ ಔಷಧ ನಿಯಂತ್ರಕರು ಒಪ್ಪಿದ್ದಾರೆ. ಆದರೆ ಹೊಟ್ಟೆಯ ಕೊಬ್ಬು ತೆಗೆದು ಅವತ್ತೇ ಮಂಡಿಗೆ ಚುಚ್ಚುವುದು ಬೇರೆಯೇ ವ್ಯವಹಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮದಂತೆ ಒಪ್ಪಿಗೆ ಇಲ್ಲದ ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ.

ಅವರು ಚುಚ್ಚುವುದು ಏನು, ಅದಕ್ಕೆ ಒಪ್ಪಿಗೆ ಇದೆಯಾ ಅಂತ ಬರೆದು ಕೊಡಲು ಹೇಳಿ. ಹಿಂದೆಮುಂದೆ ನೋಡಿದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಎಕ್ಸ್‌ರೇ ಹಿಡಿದು ಬೇರೊಬ್ಬ ಮೂಳೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಅಮ್ಮನನ್ನು ಕೇಳಿದೆ ಅಂತ ಹೇಳಿ.