ಹಲ್ಲಿನ ನಂಬರು ಓದುವುದು ಹೇಗೆ? ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಅಲ್ಲಿಯ ವೈದ್ಯರು ‘14ನೇ ಹಲ್ಲಿಗೆ ರೂಟ್ ಕೆನಾಲ್’ ಎಂದು ಬರೆದುಕೊಟ್ಟಿದ್ದಾರೆ. ರಜೆಗೆ ಬಂದಾಗ ಇಲ್ಲಿ ತೋರಿಸಿದರೆ ‘ಹುಳುಕಿರುವುದು 26’ ಎನ್ನುತ್ತಾರೆ. ಯಾರನ್ನು ನಂಬುವುದು?
– ಓದುಗರು, ಮೈಸೂರು

ಉತ್ತರ: ಇಬ್ಬರನ್ನೂ ನಂಬಿ. ಇಬ್ಬರೂ ಹೇಳುತ್ತಿರುವುದು ಒಂದೇ ಹಲ್ಲನ್ನು: ಮೇಲಿನ ಎಡಬದಿಯ ಮೊದಲ ದವಡೆಹಲ್ಲು.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎಫ್‌ಡಿಐ (ವಿಶ್ವ ದಂತವೈದ್ಯ ಒಕ್ಕೂಟ) ಪದ್ಧತಿ. ಇದರಲ್ಲಿ ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎಡ–ಬಲ ಯಾವಾಗಲೂ ರೋಗಿಯದು, ಎದುರಿಗೆ ನಿಂತು ನೋಡುವವರದಲ್ಲ. ಎಕ್ಸ್‌ರೇಯಲ್ಲೂ ಚಿತ್ರದ ಎಡಭಾಗದಲ್ಲಿ ಕಾಣುವುದು ರೋಗಿಯ ಬಲಬದಿ. ಇನ್ನು ಪ್ರತಿ ಭಾಗದಲ್ಲೂ ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಬೇಕು: 1 ಮತ್ತು 2 ಬಾಚಿಹಲ್ಲು, 3 ಕೋರೆಹಲ್ಲು, 4 ಮತ್ತು 5 ಮುಂದವಡೆ ಹಲ್ಲು, 6, 7, 8 ದವಡೆಹಲ್ಲು. ಕೊನೆಯ 8 ಬುದ್ಧಿಹಲ್ಲು. ಮೊದಲ ಅಂಕಿ ಭಾಗದ್ದು, ಎರಡನೆಯದು ಹಲ್ಲಿನದು. ಹಾಗಾಗಿ 26 ಎನ್ನುವುದನ್ನು ‘ಎರಡು–ಆರು’ ಎಂದು ಓದಬೇಕು, ಇಪ್ಪತ್ತಾರು ಎಂದಲ್ಲ.

ಅಮೆರಿಕದಲ್ಲಿ ಭಾಗಗಳ ಗೊಡವೆಯಿಲ್ಲ. ಮೇಲಿನ ಬಲಬದಿಯ ಬುದ್ಧಿಹಲ್ಲು 1. ಅಲ್ಲಿಂದ ಎಡಕ್ಕೆ ಸಾಗಿ ಮೇಲಿನ ಎಡಬದಿಯ ಬುದ್ಧಿಹಲ್ಲು 16, ಅದರ ಕೆಳಗಿನದು 17, ಮತ್ತೆ ಬಲಕ್ಕೆ ಬಂದು ಕೆಳಗಿನ ಬಲಬದಿಯ ಕೊನೆಯದು 32. ಈ ಲೆಕ್ಕದಲ್ಲಿ ನಮ್ಮ 26 ಅವರ 14.

ಅಪಾಯ ಇರುವುದು ಇಲ್ಲೇ. ಎಫ್‌ಡಿಐಯಲ್ಲೂ ಒಂದು 14 ಇದೆ. ಅದು ಮೇಲಿನ ಬಲಬದಿಯ ಮೊದಲ ಮುಂದವಡೆ ಹಲ್ಲು. ಉಬ್ಬುಹಲ್ಲಿಗೆ ತಂತಿ ಹಾಕುವಾಗ ಜಾಗ ಮಾಡಲು ಹೆಚ್ಚಾಗಿ ಕೀಳುವ ಹಲ್ಲುಗಳಲ್ಲಿ ಅದೂ ಒಂದು. ಬರಿಯ ‘14’ ಎಂಬ ಚೀಟಿ ಕೈ ಬದಲಾದರೆ ಆರೋಗ್ಯವಾಗಿರುವ ಹಲ್ಲಿಗೆ ಕೈ ಹಾಕಿದಂತಾಗುತ್ತದೆ. ಆದ್ದರಿಂದ ದೇಶ ಬದಲಿಸುವವರು ನಂಬರಿನ ಪಕ್ಕದಲ್ಲಿ ಪದ್ಧತಿಯ ಹೆಸರನ್ನೂ ಹಲ್ಲಿನ ಪೂರ್ತಿ ಹೆಸರನ್ನೂ ಬರೆಸಿಕೊಳ್ಳಿ, ಎಕ್ಸ್‌ರೇ ಜೊತೆಗಿರಲಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಆರೂವರೆ ವರ್ಷದ ಮಗನಿಗೆ ಬಾಯಿಯ ಹಿಂದೆ ಹೊಸ ಹಲ್ಲು ಬಂದಿದೆ, ಆಗಲೇ ಕಪ್ಪು ಗೆರೆ ಕಾಣುತ್ತಿದೆ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ.
– ಓದುಗರು, ಹಾವೇರಿ

ಉತ್ತರ: ಬಿದ್ದುಹೋಗುವ ಹಲ್ಲಲ್ಲ. ಹಾಲುಹಲ್ಲು ಒಟ್ಟು 20, ಅಂದರೆ ಒಂದು ಭಾಗಕ್ಕೆ ಐದೇ: ಎರಡು ಬಾಚಿ, ಒಂದು ಕೋರೆ, ಎರಡು ದವಡೆ. ನಡುಗೆರೆಯಿಂದ ಎಣಿಸಿ. ಆರನೆಯದು ಬಂದಿದ್ದರೆ ಅದು ಶಾಶ್ವತ ದವಡೆಹಲ್ಲು, ಜೀವನಪೂರ್ತಿ ಇರಬೇಕಾದದ್ದು. ಯಾವ ಹಾಲುಹಲ್ಲೂ ಬೀಳದೆ, ಸದ್ದಿಲ್ಲದೆ ಸಾಲಿನ ಹಿಂದೆ ಹುಟ್ಟುವುದರಿಂದ ತಂದೆತಾಯಿ ಮೋಸಹೋಗುತ್ತಾರೆ. ಅದು ಹಾಳಾಗಿ ಕೀಳಿಸಬೇಕಾಗಿ ಬಂದರೆ ಹಿಂದಿನ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರು ಸಾಲಿನ ಹಲ್ಲು ಇಳಿದು ಅಥವಾ ಏರಿ ಬರುತ್ತದೆ, ಕಚ್ಚುವಿಕೆಯೇ ಕೆಡುತ್ತದೆ.

ಕಪ್ಪು ಗೆರೆಯೆಲ್ಲ ಹುಳುಕಲ್ಲ, ಕಲೆಯೂ ಇರಬಹುದು. ಆದರೆ ಈ ವಾರವೇ ತೋರಿಸಿ. ಹುಳುಕಿಲ್ಲದಿದ್ದರೆ ಬಿರುಕಿನಂಥ ಆಳವಾದ ಗೀರುಗಳಿಗೆ ಸೀಲಂಟ್, ಅಂದರೆ ಗೀರು ಮುಚ್ಚುವ ರಾಳದ ಲೇಪ ಹಾಕುತ್ತಾರೆ. ಹಲ್ಲನ್ನು ಶುಚಿ ಮಾಡಿ, ಸುಮಾರು ಶೇ 37ರ ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು 15ರಿಂದ 30 ಸೆಕೆಂಡು ಇಟ್ಟು, ತೊಳೆದು ಒಣಗಿಸಿದರೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಸೀಮೆಸುಣ್ಣದಂತೆ ಬೆಳ್ಳಗೆ ಮಂಕಾಗುತ್ತದೆ. ಆಮೇಲೆ ರಾಳ ಹಚ್ಚಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಒಣಗಿಸಿದ ಮೇಲೆ ಎಂಜಲು ತಗುಲಿದರೆ ಸೀಲಂಟ್ ನಿಲ್ಲುವುದಿಲ್ಲ. ಬೇಗ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಇದೇ. ಹಾಗಾಗಿ ಮಗು ಬಾಯಿ ತೆರೆದು ಸುಮ್ಮನೆ ಕೂರುವಂತೆ ಮೊದಲೇ ಪುಸಲಾಯಿಸಿ ಕರೆದೊಯ್ಯಿರಿ.

ಮನೆಯಲ್ಲಿ ನೀವೇ ಉಜ್ಜಿ. ಅರ್ಧ ಹುಟ್ಟಿದ ಹಲ್ಲು ಸಾಲಿಗಿಂತ ತಗ್ಗಿನಲ್ಲಿರುವುದರಿಂದ ಸಾಲಿನುದ್ದಕ್ಕೆ ಆಡಿಸಿದ ಬ್ರಷ್ ಅದನ್ನು ಮುಟ್ಟುವುದೇ ಇಲ್ಲ. ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡಲಾಗಿ ತಂದು ಆ ಒಂದು ಹಲ್ಲನ್ನು ಬೇರೆಯಾಗಿ ಉಜ್ಜಬೇಕು.

ಹಾಲುಹಲ್ಲು ಎಂದು ಉಳಿದವನ್ನೂ ಅಲಕ್ಷಿಸಬೇಡಿ. ಚೀಟಿಯಲ್ಲಿ 5ರಿಂದ 8ರವರೆಗಿನ ಅಂಕಿಯಿಂದ ಶುರುವಾಗುವುದು ಹಾಲುಹಲ್ಲು. 75 ಎಂದರೆ ಕೆಳಗಿನ ಎಡಬದಿಯ ಎರಡನೇ ಹಾಲುದವಡೆ. ಅದರ ಜಾಗಕ್ಕೆ 35 ಬರುವುದು ಸುಮಾರು 11–12ನೇ ವಯಸ್ಸಿಗೆ. ಅಲ್ಲಿಯವರೆಗೆ ಜಾಗ ಕಾಯುವುದು ಅದೇ.

ಪ್ರಶ್ನೆ: ಕೆಳಗಿನ ಒಂದು ದವಡೆಹಲ್ಲು ಕೀಳಿಸಿ ವರ್ಷಗಳಾದವು. ಹಿಂದಿನದು ಮುಂದೆ ಸರಿದಿದೆ. ಈಗ ಅದರ ನಂಬರು ಬದಲಾಗುತ್ತದೆಯೇ?
– ಓದುಗರು, ಪುತ್ತೂರು

ಉತ್ತರ: ಇಲ್ಲ. ನಂಬರು ಹಲ್ಲಿನದು, ಜಾಗದ್ದಲ್ಲ. 36 ಹೋಗಿ 37 ಮುಂದೆ ಬಂದರೂ ಅದು 37 ಆಗಿಯೇ ಇರುತ್ತದೆ. ಹೊಸ ವೈದ್ಯರು ಬರಿಯ ಸಾಲು ಎಣಿಸಿ ಅದನ್ನೇ 36 ಎಂದು ಬರೆದುಬಿಡುವ ಸಾಧ್ಯತೆ ಇದೆ. ಯಾವ ಹಲ್ಲು, ಯಾವ ವರ್ಷ ಕೀಳಿಸಿದ್ದು ಎಂದು ಮೊದಲ ಭೇಟಿಯಲ್ಲೇ ಹೇಳಿ ಬರೆಸಿ.